ಭಯದ ದಿನ ನಾಯಕ ಎಲ್ಲಿ ನಿಂತಿದ್ದ?

ನಾಯಕನೊಬ್ಬನನ್ನು ಅಳೆಯಬೇಕಾದುದು ಯಾವ ದಿನ? ಚುನಾವಣಾ ಭಾಷಣದ ದಿನವೇ? ಇಫ್ತಾರ್ ಕೂಟದಲ್ಲಿ ಟೋಪಿ ಧರಿಸಿ ಖರ್ಜೂರ ಕೈಗೆತ್ತಿಕೊಳ್ಳುವ ದಿನವೇ? ಅಥವಾ ಇಡೀ ದೇಶ ಭಯದಿಂದ ತತ್ತರಿಸುತ್ತಿರುವಾಗ ದುರ್ಬಲರ ಹಕ್ಕನ್ನು ಕಸಿಯುವ ಮಸೂದೆಯೊಂದು ಸದನದ ಮುಂದೆ ಬರುವ ದಿನವೇ? ಮೊದಲೆರಡು ದಿನಗಳು ಎಲ್ಲರ ನೆನಪಿನಲ್ಲಿ ಉಳಿಯುತ್ತವೆ. ಮೂರನೆಯ ದಿನವನ್ನು ಸಮುದಾಯ ಬಹುಬೇಗ ಮರೆಯುತ್ತದೆ. ಈ ಮರೆವಿನ ಬೆಲೆ ಏನೆಂಬುದನ್ನು ಅರಿಯಬೇಕಿದ್ದರೆ ಅಟ್ಲಾಂಟಿಕ್ ಸಾಗರದ ಎರಡು ದಡಗಳಲ್ಲಿರುವ ಅಮೇರಿಕ ಮತ್ತು ಬ್ರಿಟನ್‌ಗಳ ಕಳೆದ ಎರಡು ದಶಕಗಳ ಚರಿತ್ರೆಯನ್ನು ಓದಬೇಕು. ಪೌರ ಸ್ವಾತಂತ್ರ್ಯದ ಪಾಠವನ್ನು ಜಗತ್ತಿಗೆ ಕಲಿಸಿದವರು ತಾವೇ ಎಂದು ಹೆಮ್ಮೆ ಪಡುವ ರಾಷ್ಟ್ರಗಳಿವು.

2001ರ ಸೆಪ್ಟೆಂಬರ್ 11ರ ದಾಳಿಯಲ್ಲಿ ಸುಮಾರು ಮೂರು ಸಾವಿರ ಮಂದಿ ಹತರಾದರು. ಅದು ಘೋರ ಅಪರಾಧ. ಯಾವ ಸಬೂಬೂ ಅದನ್ನು ಸಮರ್ಥಿಸಲಾರದು. ಆರು ದಿನಗಳ ಬಳಿಕ ಅಧ್ಯಕ್ಷ ಜಾರ್ಜ್ ಬುಶ್ ವಾಷಿಂಗ್ಟನ್‌ನ ಇಸ್ಲಾಮಿಕ್ ಸೆಂಟರ್‌ಗೆ ಭೇಟಿ ಕೊಟ್ಟು, ಇಸ್ಲಾಮ್ ಎಂದರೆ ಶಾಂತಿ ಎಂದರು. ಆ ಮಾತಿಗಾಗಿ ಅವರನ್ನು ಮೆಚ್ಚಿದವರು ಅನೇಕರು. ಆದರೆ ಅದಕ್ಕೆ ಮೂರು ದಿನ ಮುಂಚೆಯೇ, ದಾಳಿಯ ಹೊಣೆಗಾರರೆಂದು ತಾನು ತೀರ್ಮಾನಿಸುವ ಯಾರ ವಿರುದ್ಧವೂ ಸೇನಾಬಲ ಪ್ರಯೋಗಿಸುವ ಅಧಿಕಾರವನ್ನು ಅಮೇರಿಕನ್ ಸಂಸತ್ತು ಅವರಿಗೆ ನೀಡಿತ್ತು. ಪ್ರತಿನಿಧಿ ಸಭೆಯಲ್ಲಿ ಪರವಾಗಿ 420 ಮತಗಳು, ವಿರುದ್ಧವಾಗಿ ಒಂದು. ಆ ಒಂದು ಮತ ಕ್ಯಾಲಿಫೋರ್ನಿಯದ ಕಪ್ಪು ಜನಾಂಗದ ಮಹಿಳೆ ಬಾರ್ಬರಾ ಲೀ ಅವರದ್ದು. ಅಕ್ಟೋಬರ್ 26ರಂದು ಬುಶ್ ಸಹಿ ಹಾಕಿದ ಪೇಟ್ರಿಯಾಟ್ ಕಾಯ್ದೆಯ ಕಥೆಯೂ ಭಿನ್ನವಲ್ಲ. ಸೆನೆಟ್‌ನಲ್ಲಿ 98 ಮಂದಿ ಅದರ ಪರ. ವಿರುದ್ಧ ನಿಂತವರು ವಿಸ್ಕಾನ್ಸಿನ್‌ನ ರಸ್ ಫೀನ್‌ಗೋಲ್ಡ್ ಒಬ್ಬರೇ. ಗ್ರಂಥಾಲಯದಿಂದ ಒಬ್ಬ ವ್ಯಕ್ತಿ ಯಾವ ಪುಸ್ತಕ ಒಯ್ದ ಎಂಬ ದಾಖಲೆಯನ್ನೂ ಗುಟ್ಟಾಗಿ ತರಿಸಿಕೊಳ್ಳಲು ಸರಕಾರಕ್ಕೆ ದಾರಿ ಮಾಡಿಕೊಟ್ಟ ಕಾಯ್ದೆ ಅದು.

ಇಸ್ಲಾಮ್ ಶಾಂತಿಯ ಧರ್ಮವೆಂದ ಅದೇ ಸರಕಾರ ಮುಸ್ಲಿಮರನ್ನು ನಡೆಸಿಕೊಂಡದ್ದು ಹೇಗೆ? ದಾಳಿಯ ತನಿಖೆಯ ಹೆಸರಿನಲ್ಲಿ 762 ಮಂದಿ ವಿದೇಶೀಯರನ್ನು ವಲಸೆ ಕಾನೂನಿನಡಿ ಬಂಧಿಸಿಡಲಾಯಿತು. ಅವರಲ್ಲಿ ಅನೇಕರನ್ನು ತಿಂಗಳುಗಟ್ಟಲೆ ಕೂಡಿಹಾಕಲಾಗಿತ್ತು, ಬ್ರೂಕ್ಲಿನ್‌ನ ಬಂಧನ ಕೇಂದ್ರದಲ್ಲಿ ಕೆಲವರ ಮೇಲೆ ದೌರ್ಜನ್ಯವೂ ನಡೆದಿತ್ತು. ಇದನ್ನು ಹೇಳಿದ್ದು ಯಾವುದೋ ಮುಸ್ಲಿಮ್ ಸಂಘಟನೆಯಲ್ಲ, ಅಮೇರಿಕದ ನ್ಯಾಯ ಇಲಾಖೆಯದೇ ಮಹಾ ತಪಾಸಕರ 2003ರ ವರದಿ. ಮುಂದೆ 25 ರಾಷ್ಟ್ರಗಳ ಪುರುಷರು ಕಚೇರಿಗೆ ಬಂದು ಬೆರಳಚ್ಚು ಕೊಟ್ಟು ನೋಂದಾಯಿಸಿಕೊಳ್ಳಬೇಕೆಂಬ ಆದೇಶ ಹೊರಟಿತು. ಉತ್ತರ ಕೊರಿಯವೊಂದನ್ನು ಬಿಟ್ಟರೆ ಉಳಿದ 24 ರಾಷ್ಟ್ರಗಳೂ ಮುಸ್ಲಿಮ್ ಬಹುಸಂಖ್ಯಾತವಾದವು. ಎಂಬತ್ತು ಸಾವಿರಕ್ಕೂ ಅಧಿಕ ಮಂದಿ ಕಾನೂನನ್ನು ಗೌರವಿಸಿ ಸಾಲಿನಲ್ಲಿ ನಿಂತರು. ಅವರಲ್ಲಿ ಹದಿಮೂರು ಸಾವಿರಕ್ಕೂ ಹೆಚ್ಚು ಮಂದಿ ಗಡೀಪಾರಿನ ಕ್ರಮವನ್ನು ಎದುರಿಸಬೇಕಾಯಿತು. ಸಿಹಿ ಮಾತು ಮಸೀದಿಯಲ್ಲಿ, ಕಹಿ ಕಾನೂನು ಕಚೇರಿಯಲ್ಲಿ!

ಸಾಗರದ ಇನ್ನೊಂದು ದಡದ ಟೋನಿ ಬ್ಲೇರ್‌ರ ವಿಷಯ ಇದಕ್ಕಿಂತಲೂ ವಿಚಿತ್ರ. ಬ್ರಿಟನ್‌ಗೆ 1998ರ ಮಾನವ ಹಕ್ಕುಗಳ ಕಾಯ್ದೆಯನ್ನು ತಂದದ್ದೇ ಅವರ ಸರಕಾರ. ಆ ಕಾಯ್ದೆ ಪೂರ್ಣವಾಗಿ ಜಾರಿಗೆ ಬಂದದ್ದು 2000ದ ಅಕ್ಟೋಬರ್‌ನಲ್ಲಿ. ಒಂದು ವರ್ಷ ಕಳೆಯುತ್ತಲೇ, 2001ರ ಡಿಸೆಂಬರ್‌ನಲ್ಲಿ, ಅದೇ ಸರಕಾರ ಯುರೋಪಿಯನ್ ಮಾನವ ಹಕ್ಕುಗಳ ಒಪ್ಪಂದದ ಐದನೇ ವಿಧಿಯಿಂದ ತನಗೆ ತಾನೇ ವಿನಾಯಿತಿ ಘೋಷಿಸಿಕೊಂಡಿತು. ಗೃಹ ಸಚಿವರಿಗೆ ಸಂಶಯ ಬಂದ ವಿದೇಶೀಯನನ್ನು ಆರೋಪ ಹೊರಿಸದೆ, ವಿಚಾರಣೆ ನಡೆಸದೆ, ಅನಿರ್ದಿಷ್ಟ ಕಾಲ ಸೆರೆಯಲ್ಲಿಡುವ ಕಾಯ್ದೆ ಬಂತು. ಲಂಡನ್‌ನ ಬೆಲ್‌ಮಾರ್ಷ್ ಸೆರೆಮನೆಯ ಹೆಸರು ಜಗತ್ತಿಗೆ ಪರಿಚಯವಾದದ್ದು ಹಾಗೆ. 2004ರ ಡಿಸೆಂಬರ್ 16ರಂದು ಲಾರ್ಡ್ಸ್ ಸಭೆಯ ಒಂಬತ್ತು ನ್ಯಾಯಮೂರ್ತಿಗಳ ಪೀಠದಲ್ಲಿ ಎಂಟು ಮಂದಿ ಈ ಬಂಧನಗಳು ಮಾನವ ಹಕ್ಕುಗಳಿಗೆ ವಿರುದ್ಧವೆಂದು ತೀರ್ಪಿತ್ತರು. ಅವರ ತರ್ಕ ಸರಳವಾಗಿತ್ತು. ಅದೇ ಸಂಶಯಕ್ಕೆ ಗುರಿಯಾದ ಬ್ರಿಟಿಷ್ ಪ್ರಜೆ ಮನೆಯಲ್ಲಿರಬಹುದಾದರೆ ವಿದೇಶೀಯನೇಕೆ ಸೆರೆಮನೆಯಲ್ಲಿರಬೇಕು?

ಇದಕ್ಕೆ ಸರಕಾರ ಕಂಡುಕೊಂಡ ಪರಿಹಾರವನ್ನು ಓದುಗರು ಗಮನಿಸಬೇಕು. ವಿದೇಶೀಯರಿಗೆ ಪ್ರಜೆಗಳಂತೆ ಸ್ವಾತಂತ್ರ್ಯ ಕೊಡುವ ಬದಲು, ಪ್ರಜೆಗಳನ್ನೂ ಬಂಧನದ ವ್ಯಾಪ್ತಿಗೆ ತರಲಾಯಿತು! 2005ರಲ್ಲಿ ಬಂದ ಹೊಸ ಕಾಯ್ದೆ, ನ್ಯಾಯಾಲಯದಲ್ಲಿ ಅಪರಾಧ ಸಾಬೀತಾಗದ ವ್ಯಕ್ತಿಯನ್ನು ಅವನ ಮನೆಯಲ್ಲೇ ನಿರ್ಬಂಧಿಸಿ, ಯಾರನ್ನು ಭೇಟಿಯಾಗಬಾರದು, ಎಷ್ಟು ಗಂಟೆ ಹೊರಗೆ ಹೋಗಬಾರದು ಎಂದು ಆದೇಶಿಸುವ ಅಧಿಕಾರವನ್ನು ನೀಡಿತು. ಅಮೇರಿಕದಲ್ಲೂ ನಡೆದದ್ದು ಇದೇ. ವಿದೇಶೀಯರಿಗೆಂದು ಹೇಳಲಾದ ಶತ್ರು ಹೋರಾಟಗಾರ ಎಂಬ ಹಣೆಪಟ್ಟಿಯನ್ನು 2002ರಲ್ಲಿ ಚಿಕಾಗೋ ವಿಮಾನ ನಿಲ್ದಾಣದಲ್ಲಿ ಬಂಧಿತನಾದ ಜೋಸ್ ಪಡಿಲ್ಲಾ ಎಂಬ ಅಮೇರಿಕನ್ ಪ್ರಜೆಗೂ ಅಂಟಿಸಲಾಯಿತು. ಮೂರೂವರೆ ವರ್ಷ ಆತ ಆರೋಪವಿಲ್ಲದೆ ನೌಕಾಪಡೆಯ ಸೆರೆಯಲ್ಲಿದ್ದ. ಕೊನೆಗೆ 2007ರಲ್ಲಿ ಬೇರೆಯೇ ಆರೋಪಗಳ ಮೇಲೆ ಅವನನ್ನು ದೋಷಿಯೆಂದು ತೀರ್ಮಾನಿಸಿದ್ದು ಸಾಮಾನ್ಯ ನ್ಯಾಯಾಲಯ. ಸಾಮಾನ್ಯ ನ್ಯಾಯಾಲಯಕ್ಕೆ ಆ ಸಾಮರ್ಥ್ಯ ಇತ್ತೆಂದಾದರೆ ಆ ಮೂರೂವರೆ ವರ್ಷಗಳ ಅಗತ್ಯ ಏನಿತ್ತು?

ಭಯೋತ್ಪಾದಕರಿಗೆ ಮಾತ್ರ ಎಂದು ಹೇಳಿ ತಂದ ಕಾನೂನು ಭಯೋತ್ಪಾದಕರಲ್ಲಿಗೇ ನಿಲ್ಲುವುದಿಲ್ಲ. 2005ರ ಸೆಪ್ಟೆಂಬರ್‌ನಲ್ಲಿ ಲೇಬರ್ ಪಕ್ಷದ ಸಮ್ಮೇಳನದಲ್ಲಿ ವಿದೇಶಾಂಗ ಸಚಿವ ಜ್ಯಾಕ್ ಸ್ಟ್ರಾ ಇರಾಕ್ ನೀತಿಯನ್ನು ಸಮರ್ಥಿಸುತ್ತಿದ್ದರು. ಸಭಿಕರ ನಡುವಿನಿಂದ ವಾಲ್ಟರ್ ವುಲ್ಫ್‌ಗಾಂಗ್ ಎಂಬ 82 ವರ್ಷದ ವೃದ್ಧರೊಬ್ಬರು ಅಸಂಬದ್ಧ ಎಂದು ಕೂಗಿದರು. ಅವರನ್ನು ಎತ್ತಿ ಹೊರಹಾಕಲಾಯಿತು. ಮತ್ತೆ ಒಳಬರಲು ಯತ್ನಿಸಿದಾಗ ಪೊಲೀಸರು ಅವರನ್ನು ತಡೆದದ್ದು ಭಯೋತ್ಪಾದನಾ ವಿರೋಧಿ ಕಾಯ್ದೆಯಡಿ. ಆ ವೃದ್ಧರು ಹಿಟ್ಲರನ ಜರ್ಮನಿಯಿಂದ ಪಾರಾಗಿ ಬಂದಿದ್ದ ಯಹೂದಿ ಕುಟುಂಬದವರು, ದಶಕಗಳ ಕಾಲ ಅದೇ ಪಕ್ಷದ ಸದಸ್ಯರು. 2008ರ ಅಕ್ಟೋಬರ್‌ನಲ್ಲಿ ಐಸ್‌ಲ್ಯಾಂಡ್‌ನ ಲ್ಯಾಂಡ್ಸ್‌ಬಾಂಕಿ ಎಂಬ ಬ್ಯಾಂಕ್ ಮುಳುಗಿದಾಗ ಅದರ ಆಸ್ತಿಯನ್ನು ಸ್ತಂಭನಗೊಳಿಸಲು ಬ್ರಿಟಿಷ್ ಸರಕಾರ ಬಳಸಿಕೊಂಡದ್ದು ಕೂಡ 2001ರ ಅದೇ ಭಯೋತ್ಪಾದನಾ ವಿರೋಧಿ ಕಾಯ್ದೆಯನ್ನು! ಇದು ನಮಗಲ್ಲ, ಅವರಿಗೆ ಮಾತ್ರ ಎಂದು ಸುಮ್ಮನಿದ್ದವರು ಈ ಎರಡು ಘಟನೆಗಳನ್ನು ಓದಬೇಕು.

ಭದ್ರತೆ ಬೇಡವೇ ಎಂದು ಕೇಳುವವರಿದ್ದಾರೆ. ಖಂಡಿತ ಬೇಕು. ಪ್ರಜೆಗಳ ಪ್ರಾಣ ರಕ್ಷಿಸುವುದು ಸರಕಾರದ ಕರ್ತವ್ಯ. 2005ರ ಜುಲೈ 7ರಂದು ಲಂಡನ್‌ನ ರೈಲು ಮತ್ತು ಬಸ್ಸುಗಳಲ್ಲಿ ಬಾಂಬ್ ಸಿಡಿಸಿ 52 ಮಂದಿಯನ್ನು ಕೊಂದವರ ಪರ ಒಂದು ಮಾತನ್ನೂ ಆಡುವಂತಿಲ್ಲ. ಆದರೆ ಕಾನೂನನ್ನು ಬದಿಗೆ ಸರಿಸಿ ಗಳಿಸಿದ ಭದ್ರತೆ ಎಂಥದ್ದು? ಆ ಸ್ಫೋಟದ ಹದಿನೈದು ದಿನಗಳ ಬಳಿಕ ಲಂಡನ್ ಪೊಲೀಸರು ರೈಲಿನೊಳಗೆ ಗುಂಡಿಕ್ಕಿ ಕೊಂದದ್ದು ಜೀನ್ ಚಾರ್ಲ್ಸ್ ಡಿ ಮೆನೆಜೆಸ್ ಎಂಬ ಬ್ರೆಜಿಲ್‌ನ ನಿರಪರಾಧಿ ಯುವಕನನ್ನು. ಅಮೇರಿಕದ ವಶದಲ್ಲಿದ್ದ ಇಬ್ನ್ ಅಲ್ ಶೈಖ್ ಅಲ್ ಲೀಬಿ ಎಂಬಾತನನ್ನು ಈಜಿಪ್ಟ್‌ಗೆ ಸಾಗಿಸಿ ವಿಚಾರಿಸಿದಾಗ, ಇರಾಕ್ ಸರಕಾರ ಅಲ್‌ಖಾಇದಾಕ್ಕೆ ರಾಸಾಯನಿಕ ಅಸ್ತ್ರಗಳ ತರಬೇತಿ ನೀಡಿದೆ ಎಂದು ಆತ ಹೇಳಿದ. 2003ರ ಫೆಬ್ರವರಿಯಲ್ಲಿ ವಿದೇಶ ಕಾರ್ಯದರ್ಶಿ ಕಾಲಿನ್ ಪೊವೆಲ್ ವಿಶ್ವಸಂಸ್ಥೆಯಲ್ಲಿ ಆ ಹೇಳಿಕೆಯನ್ನು ಪುರಾವೆಯಾಗಿ ಮುಂದಿಟ್ಟರು. ಮುಂದಿನ ತಿಂಗಳು ಬುಶ್ ಮತ್ತು ಬ್ಲೇರ್ ಜೊತೆಗೂಡಿ ಯುದ್ಧ ಸಾರಿದರು. 2004ರಲ್ಲಿ ಆತ ತನ್ನ ಹೇಳಿಕೆಯನ್ನು ಹಿಂದೆಗೆದುಕೊಂಡ, ಹಿಂಸೆಯನ್ನು ತಪ್ಪಿಸಿಕೊಳ್ಳಲು ಹಾಗೆ ಹೇಳಿದೆನೆಂದ. ಅಷ್ಟರಲ್ಲಿ ಬಗ್ದಾದ್ ಉರಿದಾಗಿತ್ತು. ಒಬ್ಬ ಕೈದಿಯ ಹಕ್ಕನ್ನು ಮುರಿದುದರ ಬೆಲೆಯನ್ನು ಒಂದು ಇಡೀ ದೇಶ ತೆತ್ತಿತು.

ಹಾಗಾದರೆ ಈ ಕತ್ತಲಲ್ಲಿ ಬೆಳಕು ಹಿಡಿದವರು ಯಾರು? ಲಂಡನ್ ಸ್ಫೋಟದ ಬಳಿಕ ಬ್ಲೇರ್, ಆಟದ ನಿಯಮಗಳು ಬದಲಾಗುತ್ತಿವೆ ಎಂದು ಘೋಷಿಸಿದರು. ಆರೋಪ ಹೊರಿಸದೆ 90 ದಿನ ಬಂಧನದಲ್ಲಿಡುವ ಪ್ರಸ್ತಾವ ಮುಂದಿಟ್ಟರು. ಸ್ಫೋಟ ನಡೆದು ನಾಲ್ಕೇ ತಿಂಗಳಾಗಿತ್ತು, ಜನರ ಭಯ ಇನ್ನೂ ಆರಿರಲಿಲ್ಲ. ಆದರೂ 2005ರ ನವೆಂಬರ್ 9ರಂದು ಕಾಮನ್ಸ್ ಸಭೆ 322-291 ಮತಗಳಿಂದ ಆ ಪ್ರಸ್ತಾವವನ್ನು ತಿರಸ್ಕರಿಸಿತು. 1997ರಲ್ಲಿ ಅಧಿಕಾರಕ್ಕೆ ಬಂದ ಮೇಲೆ ಆ ಸಭೆಯಲ್ಲಿ ಬ್ಲೇರ್ ಕಂಡ ಪ್ರಥಮ ಸೋಲು ಅದು. ಅವರದೇ ಪಕ್ಷದ 49 ಸದಸ್ಯರು ಅಂದು ವಿರುದ್ಧ ಮತ ಹಾಕಿದ್ದರು. ಕೊನೆಗೆ 28 ದಿನಗಳಿಗೆ ಒಪ್ಪಿಗೆ ಸಿಕ್ಕಿತು.

ಬ್ಲೇರ್‌ರ ಉತ್ತರಾಧಿಕಾರಿ ಗೋರ್ಡನ್ ಬ್ರೌನ್ 2008ರಲ್ಲಿ ಅದನ್ನು 42 ದಿನಗಳಿಗೆ ಏರಿಸಹೊರಟರು. ಕಾಮನ್ಸ್ ಸಭೆಯಲ್ಲಿ ಒಂಬತ್ತು ಮತಗಳ ಅಂತರದಿಂದ ಗೆದ್ದರು. ಮರುದಿನವೇ ವಿರೋಧ ಪಕ್ಷವಾದ ಕನ್ಸರ್ವೇಟಿವ್‌ನ ಹಿರಿಯ ನಾಯಕ ಡೇವಿಡ್ ಡೇವಿಸ್ ತಮ್ಮ ಸದಸ್ಯತ್ವಕ್ಕೆ ರಾಜೀನಾಮೆ ಕೊಟ್ಟು, ಈ ಒಂದೇ ವಿಷಯವನ್ನು ಮುಂದಿಟ್ಟುಕೊಂಡು ಮರುಚುನಾವಣೆ ಎದುರಿಸಿ ಗೆದ್ದು ಬಂದರು. ಮರಣದಂಡನೆಯನ್ನು ಬೆಂಬಲಿಸುವ ಬಲಪಂಥೀಯರು ಅವರು. ಅನೇಕ ವಿಷಯಗಳಲ್ಲಿ ನಮಗೂ ಅವರಿಗೂ ಹೊಂದಾಣಿಕೆ ಸಾಧ್ಯವಿಲ್ಲ. ಆದರೂ ವಿಚಾರಣೆಯಿಲ್ಲದ ಬಂಧನದ ವಿರುದ್ಧ ತನ್ನ ಸ್ಥಾನವನ್ನೇ ಪಣಕ್ಕಿಟ್ಟ ನಾಯಕ ಅವರು. ಆ ವರ್ಷದ ಅಕ್ಟೋಬರ್‌ನಲ್ಲಿ ಲಾರ್ಡ್ಸ್ ಸಭೆ ಭಾರೀ ಬಹುಮತದಿಂದ 42 ದಿನಗಳನ್ನು ತಳ್ಳಿಹಾಕಿತು. 2011ರಲ್ಲಿ ಮಿತಿ 14 ದಿನಗಳಿಗೆ ಇಳಿಯಿತು. ಮಾನವ ಹಕ್ಕುಗಳ ಕಾಯ್ದೆ ತಂದ ಪಕ್ಷ ಬಂಧನದ ದಿನಗಳನ್ನು ಹೆಚ್ಚಿಸಲು ಹೊರಟದ್ದು, ಬಲಪಂಥೀಯನೊಬ್ಬ ಅದನ್ನು ತಡೆಯಲು ನಿಂತದ್ದು, ಪಕ್ಷದ ಚಿಹ್ನೆ ನೋಡಿ ಮಾತ್ರ ಮಿತ್ರರನ್ನು ಗುರುತಿಸುವವರಿಗೆ ದೊಡ್ಡ ಪಾಠ.

ಅಮೇರಿಕದ ಜನರು 2008ರಲ್ಲಿ ಬರಾಕ್ ಒಬಾಮರನ್ನು ಆರಿಸಿದಾಗ ಮುಸ್ಲಿಮ್ ಜಗತ್ತಿನಲ್ಲೂ ಸಂಭ್ರಮವಿತ್ತು. 2009ರ ಜನವರಿ 22ರಂದು, ಅಧಿಕಾರ ಸ್ವೀಕರಿಸಿದ ಎರಡೇ ದಿನಗಳಲ್ಲಿ, ಗ್ವಾಂಟನಾಮೊ ಸೆರೆಮನೆಯನ್ನು ಒಂದು ವರ್ಷದೊಳಗೆ ಮುಚ್ಚುವ ಆದೇಶಕ್ಕೆ ಅವರು ಸಹಿ ಹಾಕಿದರು. ಆದರೆ ನಾಲ್ಕೇ ತಿಂಗಳಲ್ಲಿ, ಅವರದೇ ಪಕ್ಷದ ಬಹುಮತವಿದ್ದ ಸೆನೆಟ್ 90-6 ಮತಗಳಿಂದ ಅದಕ್ಕೆ ಹಣ ನಿರಾಕರಿಸಿತು. 2017ರಲ್ಲಿ ಅವರು ನಿರ್ಗಮಿಸುವಾಗ ಅಲ್ಲಿ 41 ಕೈದಿಗಳು ಉಳಿದಿದ್ದರು. ಬೈಡನ್ ಅವಧಿ ಮುಗಿದ 2025ರ ಜನವರಿಯಲ್ಲಿ ಉಳಿದವರು 15. 2002ರಿಂದ ಅಲ್ಲಿಗೆ ತರಲಾದವರು ಒಟ್ಟು ಸುಮಾರು 780 ಮಂದಿ. ಬುಶ್ ಗಳಿಸಿದ ಅಧಿಕಾರವನ್ನು ಒಬಾಮ ಕೈಬಿಡಲಿಲ್ಲ, ಬೇರೆ ರೂಪದಲ್ಲಿ ಬಳಸಿದರು. 2011ರ ಸೆಪ್ಟೆಂಬರ್‌ನಲ್ಲಿ ಯಮನ್‌ನಲ್ಲಿ ಅನ್ವರ್ ಅಲ್ ಔಲಕಿ ಎಂಬ ಅಮೇರಿಕನ್ ಪ್ರಜೆಯನ್ನು ವಿಚಾರಣೆಯಿಲ್ಲದೆ ಡ್ರೋನ್ ಮೂಲಕ ಕೊಲ್ಲಲಾಯಿತು. ಎರಡು ವಾರಗಳ ಬಳಿಕ ಇನ್ನೊಂದು ದಾಳಿಯಲ್ಲಿ ಅವನ 16ರ ಹರೆಯದ ಮಗ ಸತ್ತ. ಎಲ್ಲ ಅಮೇರಿಕನ್ನರ ದೂರವಾಣಿ ಕರೆಗಳ ದಾಖಲೆ ಸಂಗ್ರಹವಾಗುತ್ತಿದೆ ಎಂಬುದನ್ನು ಎಡ್ವರ್ಡ್ ಸ್ನೋಡೆನ್ 2013ರಲ್ಲಿ ಬಯಲಿಗೆಳೆದದ್ದೂ ಒಬಾಮರ ಕಾಲದಲ್ಲೇ. ಅಧಿಕಾರ ಕೈಗೆ ಸಿಕ್ಕ ಮೇಲೆ ಅದನ್ನು ತಾನಾಗಿಯೇ ಮರಳಿಸುವ ನಾಯಕರು ಅಪರೂಪ. ಹಿಂದಿನವನು ಮಾಡಿದ ಕೋಲು ಮುಂದಿನವನ ಕೈಗೆ ಸಿದ್ಧವಾಗಿ ಸಿಗುತ್ತದೆ.

2017ರ ಜನವರಿಯಲ್ಲಿ ಡೊನಾಲ್ಡ್ ಟ್ರಂಪ್ ಏಳು ಮುಸ್ಲಿಮ್ ಬಹುಸಂಖ್ಯಾತ ರಾಷ್ಟ್ರಗಳ ಜನರಿಗೆ ಬಾಗಿಲು ಮುಚ್ಚಿದಾಗಲೂ ಕಾರಣ ಭದ್ರತೆಯೇ ಆಗಿತ್ತು. ಬ್ರಿಟನ್‌ನಲ್ಲಿ ಒಂದು ಕಾಲದ ಮಾನವ ಹಕ್ಕುಗಳ ವಕೀಲ ಕೀರ್ ಸ್ಟಾರ್ಮರ್‌ರ ಸರಕಾರ 2025ರ ಜುಲೈಯಲ್ಲಿ ಪ್ಯಾಲೆಸ್ಟೈನ್ ಆ್ಯಕ್ಷನ್ ಎಂಬ ಗುಂಪನ್ನು ಭಯೋತ್ಪಾದನಾ ಕಾಯ್ದೆಯಡಿ ನಿಷೇಧಿಸಿತು. ಕಾಮನ್ಸ್ ಸಭೆಯಲ್ಲಿ ವಿರೋಧಿಸಿದವರು 26 ಮಂದಿ ಮಾತ್ರ. ನಂತರದ ತಿಂಗಳುಗಳಲ್ಲಿ ಆ ಗುಂಪನ್ನು ಬೆಂಬಲಿಸುವ ಫಲಕ ಹಿಡಿದು ಮೌನವಾಗಿ ಕುಳಿತಿದ್ದ ನೂರಾರು ಮಂದಿಯನ್ನು ಪೊಲೀಸರು ಬಂಧಿಸಿದರು. ಅವರಲ್ಲಿ ನಿವೃತ್ತರೂ ವೃದ್ಧರೂ ಬಹಳಷ್ಟಿದ್ದರು.

ಇಷ್ಟೆಲ್ಲದರ ನಡುವೆ ನಮ್ಮನ್ನು ಹೆಚ್ಚು ಚಿಂತನೆಗೆ ಹಚ್ಚುವುದು ಫ್ರೆಡ್ ಕೊರೆಮಾಟ್ಸು ಎಂಬ ಹೆಸರು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೇರಿಕ ಸುಮಾರು 1,20,000 ಜಪಾನೀ ಮೂಲದವರನ್ನು ಶಿಬಿರಗಳಿಗೆ ತಳ್ಳಿತು. ಅವರಲ್ಲಿ ಬಹುಪಾಲು ಅಮೇರಿಕದ ಪ್ರಜೆಗಳು. ಆದೇಶವನ್ನು ಧಿಕ್ಕರಿಸಿದ ಕೊರೆಮಾಟ್ಸು 1944ರಲ್ಲಿ ಸುಪ್ರೀಮ್ ಕೋರ್ಟ್‌ನಲ್ಲಿ ಸೋತರು. 1988ರಲ್ಲಿ ಸರಕಾರ ಕ್ಷಮೆ ಯಾಚಿಸಿ, ಬದುಕುಳಿದ ಪ್ರತಿಯೊಬ್ಬರಿಗೂ 20,000 ಡಾಲರ್ ಪರಿಹಾರ ನೀಡಿತು. ತಮಗೆ ನ್ಯಾಯ ಸಿಕ್ಕಿತೆಂದು ಕೊರೆಮಾಟ್ಸು ಸುಮ್ಮನಾಗಲಿಲ್ಲ. ಗ್ವಾಂಟನಾಮೊ ಕೈದಿಗಳ ಪ್ರಕರಣ ಸುಪ್ರೀಮ್ ಕೋರ್ಟ್‌ಗೆ ಬಂದಾಗ, ಎಂಬತ್ತು ದಾಟಿದ ಆ ವೃದ್ಧರು, ನಮಗೆ ಮಾಡಿದ ತಪ್ಪನ್ನು ಮುಸ್ಲಿಮರಿಗೆ ಮಾಡಬೇಡಿ ಎಂಬರ್ಥದ ಮನವಿಯನ್ನು ನ್ಯಾಯಾಲಯದ ಮುಂದಿಟ್ಟರು. 2004ರಲ್ಲಿ ಆ ಕೈದಿಗಳಿಗೆ ನ್ಯಾಯಾಲಯದ ಬಾಗಿಲು ತೆರೆಯಿತು. 2008ರಲ್ಲಿ ಬೋಸ್ನಿಯದಿಂದ ಒಯ್ಯಲ್ಪಟ್ಟಿದ್ದ ಲಖ್ದರ್ ಬೂಮದಿಯನ್‌ರ ಮೊಕದ್ದಮೆಯಲ್ಲಿ ಅದೇ ನ್ಯಾಯಾಲಯ, ಬಂಧನವನ್ನು ಪ್ರಶ್ನಿಸುವ ಸಾಂವಿಧಾನಿಕ ಹಕ್ಕು ಅವರಿಗೂ ಇದೆಯೆಂದಿತು. ಏಳು ವರ್ಷಗಳ ಸೆರೆವಾಸದ ಬಳಿಕ 2009ರಲ್ಲಿ ಅವರು ಬಿಡುಗಡೆಯಾದರು.

ಇದೆಲ್ಲ ಎಲ್ಲಿಯದೋ ದೂರದ ಕಥೆ ಎನ್ನುವವರು 2007ನ್ನು ನೆನಪಿಸಿಕೊಳ್ಳಲಿ. ಆ ವರ್ಷದ ಜೂನ್ 30ರಂದು ಸ್ಕಾಟ್ಲೆಂಡ್‌ನ ಗ್ಲಾಸ್ಗೋ ವಿಮಾನ ನಿಲ್ದಾಣಕ್ಕೆ ಉರಿಯುವ ಜೀಪ್ ನುಗ್ಗಿಸಿದವರಲ್ಲಿ ಒಬ್ಬ ಬೆಂಗಳೂರಿನ ಇಂಜಿನಿಯರ್ ಕಫೀಲ್ ಅಹ್ಮದ್. ಸಮುದಾಯ ತಲೆತಗ್ಗಿಸಬೇಕಾದ ಕೃತ್ಯವದು. ಆದರೆ ಅದರ ಬಿಸಿ ತಟ್ಟಿದ್ದು ಆಸ್ಟ್ರೇಲಿಯದ ಆಸ್ಪತ್ರೆಯೊಂದರಲ್ಲಿ ದುಡಿಯುತ್ತಿದ್ದ ವೈದ್ಯ, ನಮ್ಮ ಮೂಡಿಗೆರೆ ಮೂಲದ ಮುಹಮ್ಮದ್ ಹನೀಫ್‌ರಿಗೆ. ಬ್ರಿಟನ್ ಬಿಡುವಾಗ ಸಂಬಂಧಿಗೆ ಕೊಟ್ಟಿದ್ದ ಒಂದು ಸಿಮ್ ಕಾರ್ಡ್‌ಗಾಗಿ, ಆರೋಪವಿಲ್ಲದೆ 12 ದಿನ ಅವರನ್ನು ಬಂಧನದಲ್ಲಿಡಲಾಯಿತು. ಸಿಮ್ ಆ ಜೀಪಿನಲ್ಲಿ ಸಿಕ್ಕಿತೆಂದು ನ್ಯಾಯಾಲಯಕ್ಕೆ ಹೇಳಲಾಯಿತು, ಅದು ಸುಳ್ಳಾಗಿತ್ತು. ನ್ಯಾಯಾಧೀಶರು ಜಾಮೀನು ಕೊಟ್ಟ ದಿನವೇ ಸಚಿವರು ವೀಸಾ ರದ್ದುಪಡಿಸಿದರು. ಜುಲೈ 27ರಂದು ಆರೋಪ ಬಿದ್ದುಹೋಯಿತು. 2008ರ ವಿಚಾರಣಾ ವರದಿ ಅವರನ್ನು ನಿರ್ದೋಷಿಯೆಂದಿತು, 2010ರಲ್ಲಿ ಪರಿಹಾರವೂ ದೊರೆಯಿತು. ಪೊಲೀಸ್ ವಿಚಾರಣೆಯ ಪೂರ್ಣ ಪಾಠವನ್ನು ಪತ್ರಿಕೆಗೆ ಕೊಟ್ಟು ಸತ್ಯವನ್ನು ಹೊರಗೆಡವಿದ್ದು ಅವರ ಪರ ವಾದಿಸಿದ ಆಸ್ಟ್ರೇಲಿಯದ ವಕೀಲ ಸ್ಟೀಫನ್ ಕೀಮ್.

ನಮ್ಮ ದೇಶದಲ್ಲೇನಾಗಿದೆ? ಬ್ರಿಟಿಷ್ ಸಂಸತ್ತು 90 ದಿನಗಳನ್ನು ತಿರಸ್ಕರಿಸಿದ ಮೂರು ವರ್ಷಗಳ ಬಳಿಕ, ಮುಂಬೈ ದಾಳಿಯ ಭಯದ ನಡುವೆ, ಯುಪಿಎ ಸರಕಾರ ಯುಎಪಿಎ ಕಾಯ್ದೆಗೆ ತಿದ್ದುಪಡಿ ತಂದು, ದೋಷಾರೋಪ ಪಟ್ಟಿ ಸಲ್ಲಿಸದೆ 180 ದಿನ ಬಂಧನದಲ್ಲಿಡಲು ಅವಕಾಶ ನೀಡಿತು. 2019ರಲ್ಲಿ ಎನ್‌ಡಿಎ ಸರಕಾರ, ಸಂಘಟನೆಯನ್ನಷ್ಟೇ ಅಲ್ಲ, ವ್ಯಕ್ತಿಯೊಬ್ಬನನ್ನೂ ಭಯೋತ್ಪಾದಕನೆಂದು ಘೋಷಿಸುವ ಅಧಿಕಾರವನ್ನು ಅದಕ್ಕೆ ಸೇರಿಸಿತು. ಆ ದಿನಗಳಲ್ಲಿ ತಮ್ಮ ಕ್ಷೇತ್ರದ ಸಂಸದ ಯಾವ ಕಡೆ ಇದ್ದರೆಂದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? ಅವರು ಯಾವ ಮದುವೆಗೆ ಬಂದಿದ್ದರೆಂದು ಎಲ್ಲರಿಗೂ ಗೊತ್ತಿದೆ.

ನಿರ್ದೋಷಿತ್ವವೇ ಮೂಲಸ್ಥಿತಿ, ಆರೋಪಿಸುವವನೇ ಪುರಾವೆ ತರಬೇಕು ಎಂಬುದು ಮದ್ರಸಾದ ಪ್ರತಿಯೊಬ್ಬ ವಿದ್ಯಾರ್ಥಿ ಫಿಕ್‌ಹ್‌ನಲ್ಲಿ ಕಲಿಯುವ ನಿಯಮ. ಪ್ರವಾದಿತ್ವಕ್ಕೆ ಮುಂಚೆ ಮಕ್ಕಾದಲ್ಲಿ, ಯಮನ್‌ನಿಂದ ಬಂದ ಅಪರಿಚಿತ ವ್ಯಾಪಾರಿಯೊಬ್ಬನಿಗೆ ಅಲ್ಲಿಯ ಪ್ರಮುಖನೊಬ್ಬ ವಂಚಿಸಿದಾಗ, ಕೆಲವು ಗೋತ್ರಗಳ ಮುಖಂಡರು ಅಬ್ದುಲ್ಲಾ ಬಿನ್ ಜುದ್‌ಆನ್‌ನ ಮನೆಯಲ್ಲಿ ಸೇರಿ, ಮರ್ದಿತನು ಯಾರೇ ಆಗಿರಲಿ ಅವನ ಜೊತೆ ನಿಲ್ಲುತ್ತೇವೆಂದು ಪ್ರತಿಜ್ಞೆ ಮಾಡಿದರು. ಹಿಲ್ಫುಲ್ ಫುದೂಲ್ ಎಂಬ ಆ ಒಪ್ಪಂದದಲ್ಲಿ ಯುವಕ ಮುಹಮ್ಮದ್(ಸ)ರೂ ಇದ್ದರು. ಪ್ರವಾದಿಯಾದ ಬಳಿಕವೂ ಅವರು, ಅಂಥ ಒಪ್ಪಂದಕ್ಕೆ ಕರೆ ಬಂದರೆ ಈಗಲೂ ಓಗೊಡುವೆನೆಂದು ಅದನ್ನು ಗೌರವದಿಂದ ಸ್ಮರಿಸಿದ್ದರು. ಬಾರ್ಬರಾ ಲೀ, ಕೊರೆಮಾಟ್ಸು, ಕೀಮ್ ಮುಂತಾದವರು ಮುಸ್ಲಿಮರಿಗಾಗಿ ಮಾಡಿದ್ದು ಈ ಕೆಲಸವನ್ನೇ. ನಾವು ಇತರರಿಗಾಗಿ ಅದನ್ನು ಮಾಡುತ್ತಿದ್ದೇವೆಯೇ? ಆದಿವಾಸಿ ಯುವಕನೊಬ್ಬ ವಿಚಾರಣೆಯಿಲ್ಲದೆ ಸೆರೆಮನೆಯಲ್ಲಿದ್ದಾಗ, ನಮ್ಮನ್ನು ಟೀಕಿಸುವ ಲೇಖಕನೊಬ್ಬನ ಬಾಯಿ ಮುಚ್ಚಿಸಲಾದಾಗ, ನಮ್ಮ ಮಿಂಬರ್‌ಗಳಿಂದ ಮಾತು ಹೊರಡುತ್ತದೆಯೇ? ನಮ್ಮ ಹುಡುಗರು ಬಂಧಿತರಾದ ದಿನ ಮಾತ್ರ ಸಂವಿಧಾನವನ್ನು ನೆನಪಿಸಿಕೊಂಡರೆ ಅದು ನ್ಯಾಯಪ್ರೇಮವಲ್ಲ, ಸ್ವಾರ್ಥ.

ಆದ್ದರಿಂದ ಪ್ರತಿಯೊಂದು ಪಟ್ಟಣದ ಜಮಾಅತ್ ಒಂದು ಸಣ್ಣ ಕೆಲಸ ಮಾಡಲಿ. ಮುಂದಿನ ಸಲ ನಾಯಕರೊಬ್ಬರು ಮತ ಕೇಳಲು ಬಂದಾಗ ಶಾಲು ಹೊದಿಸುವ ಮುನ್ನ ಒಂದು ಪ್ರಶ್ನೆ ಕೇಳಲಿ. ವಿಚಾರಣೆಯಿಲ್ಲದ ಬಂಧನದ ಬಗ್ಗೆ ತಮ್ಮ ನಿಲುವೇನು, ಸದನದಲ್ಲಿ ತಾವು ಯಾವ ಕಡೆ ಮತ ಹಾಕಿದಿರಿ? ಅವರ ಉತ್ತರವನ್ನು ಬರೆದಿಟ್ಟುಕೊಳ್ಳಲಿ. ಪಕ್ಷ ಯಾವುದೇ ಇರಲಿ, ಬಂಧಿತನ ಹೆಸರು ಯಾವುದೇ ಇರಲಿ, ಪ್ರಶ್ನೆ ಬದಲಾಗದಿರಲಿ.